ಅಕ್ಯುಪಂಕ್ಚರ್ ಬಿಂದುಗಳ ಗೋಡೆಪಟ: ಗುರುತು ಸ್ಪಷ್ಟ, ವಿವರಣೆ ಸಾಲದು

ಸಾಂಪ್ರದಾಯಿಕ ಚೀನೀ ವೈದ್ಯವನ್ನು ಕಲಿಯತೊಡಗಿದವರಿಗಾಗಿ ರೂಪಿಸಿದ ಈ ಗೋಡೆಪಟವು, ದೇಹದಲ್ಲಿ ಜೀವಶಕ್ತಿ ಹರಿಯುವ ದಾರಿಗಳೆಂದು ಆ ವೈದ್ಯ ನಂಬುವ 14 ಮೆರಿಡಿಯನ್‌ಗಳನ್ನೂ ಅವುಗಳ ಮೇಲೆ ಸೂಜಿ ಚುಚ್ಚುವ 361 ಬಿಂದುಗಳನ್ನೂ ಬೇರೆ ಬೇರೆ ಬಣ್ಣಗಳಲ್ಲಿ ತೋರಿಸುತ್ತದೆ. ಮುದ್ರಣ ಅಚ್ಚುಕಟ್ಟಾಗಿದೆ, ಕಿವಿಯ ಸುತ್ತಲಿನ ಇಕ್ಕಟ್ಟಿನಲ್ಲೂ ಅಕ್ಷರಗಳು ಒಂದರ ಮೇಲೊಂದು ಬಿದ್ದಿಲ್ಲ.

ಕೊರತೆಯಿರುವುದು ಬಿಂದುಗಳ ಪಾತ್ರವನ್ನು ತಿಳಿಸುವಲ್ಲಿ. ಆ ಪದ್ಧತಿಯಲ್ಲಿ ಬಿಂದುವೊಂದರ ಕೆಲಸ ಅದಿರುವ ಜಾಗಕ್ಕಷ್ಟೇ ಸೀಮಿತವಲ್ಲ: ಮೊಣಕಾಲಿನ ಕೆಳಗಿನ ಝೂಸಾನ್‌ಲಿಯನ್ನು ಜೀರ್ಣಶಕ್ತಿಗಾಗಿ, ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವಿನ ಹೆಗುವನ್ನು ಹಲ್ಲುನೋವು ಹಾಗೂ ತಲೆನೋವಿಗಾಗಿ, ಮುಂಗೈಯ ಒಳಬದಿಯಲ್ಲಿ ಮಣಿಕಟ್ಟಿಗಿಂತ ತುಸು ಮೇಲಿರುವ ನೈಗುವಾನ್ ಬಿಂದುವನ್ನು ವಾಕರಿಕೆಗಾಗಿ ಆರಿಸುತ್ತಾರೆ. ಇಂಥ ಆಯ್ಕೆಗೆ ದಾರಿ ತೋರುವ ಬಿಂದುಗಳ ವರ್ಗೀಕರಣದ ಸುಳಿವೇ ಪಟದಲ್ಲಿಲ್ಲ. ಗರ್ಭಿಣಿಯರಿಗೆ ಹೆಗು ಬಿಂದುವಿನಲ್ಲಿ ಸೂಜಿ ಹಾಕಬಾರದೆಂಬ ಹಳೆಯ ಎಚ್ಚರಿಕೆಯನ್ನೂ ಕೈಬಿಟ್ಟಿರುವುದನ್ನು ಸಣ್ಣ ಲೋಪವೆನ್ನಲಾಗದು.

ಅಳತೆಯ ವಿಷಯದಲ್ಲೂ ಎಡವಟ್ಟಾಗಿದೆ. ರೋಗಿಯದೇ ಹೆಬ್ಬೆರಳಿನ ಅಗಲವನ್ನು ಒಂದು ಸುನ್ ಎಂದು ಹಿಡಿದು ಅಂತರವನ್ನು ಲೆಕ್ಕಹಾಕುವ ಪದ್ಧತಿಗೆ ಪಟದ ಅಂಚಿನಲ್ಲಿ ಸೆಂಟಿಮೀಟರ್ ಪಟ್ಟಿಯನ್ನು ಕೊಟ್ಟಿರುವುದರಿಂದ, ಎತ್ತರ ಮೈಕಟ್ಟುಗಳು ಬೇರೆಯಾದ ಕೂಡಲೇ ಲೆಕ್ಕ ತಪ್ಪುತ್ತದೆ.

ಹೊದಿಕೆಯ ಮೇಲೆ ‘ಸಕಲ ರೋಗಗಳಿಗೂ’ ಎಂದು ಅಚ್ಚಾಗಿದೆ. ಶಸ್ತ್ರಚಿಕಿತ್ಸೆಯ ನಂತರದ ವಾಕರಿಕೆಗೆ ನೈಗುವಾನ್ ನೆರವಾಗುತ್ತದೆ ಎನ್ನಲು ಅಧ್ಯಯನಗಳ ಬೆಂಬಲವಿದೆ; ಆದರೆ ಮೆರಿಡಿಯನ್‌ಗಳನ್ನು ಅಂಗರಚನಾಶಾಸ್ತ್ರವು ದೇಹದಲ್ಲಿ ಗುರುತಿಸಿಲ್ಲವಾದ್ದರಿಂದ, ಕೊಳ್ಳುವವರು ಆ ಮಾತನ್ನು ಜಾಹೀರಾತೆಂದಷ್ಟೇ ಓದಿಕೊಳ್ಳಬೇಕು.