ಅಮೃತಧಾರೆ: ನಟನೆಗೆ ಐದು ಸ್ಟಾರ್, ಕಥೆಗೆ ಎರಡೂವರೆ

ಮೊದಲೇ ಹೇಳಿಬಿಡುತ್ತೇನೆ. ಜೀ ಕನ್ನಡದ ‘ಅಮೃತಧಾರೆ’ಯಲ್ಲಿ ಏನೂ ನಡೆಯದ ಸಂಚಿಕೆಗಳೇ ಚೆನ್ನಾಗಿರುತ್ತವೆ. ಯಾರನ್ನೋ ಕಿಡ್ನಾಪ್ ಮಾಡಿದರು, ಯಾರದೋ ಕಾರಿನ ಬ್ರೇಕ್ ಹೋಯಿತು ಅಂದ ಕೂಡಲೇ ನಾನು ಚಪಾತಿ ಲಟ್ಟಿಸಲು ಎದ್ದು ಹೋಗುತ್ತೇನೆ. ಗೌತಮ್, ಭೂಮಿಕಾ ಇಬ್ಬರೇ ಕೂತು ಅರ್ಧಂಬರ್ಧ ಮಾತಾಡಲು ಶುರು ಮಾಡಿದರೆ ಮಾತ್ರ ಗ್ಯಾಸ್ ಆಫ್ ಮಾಡಿ ಬಂದು ಕೂರುತ್ತೇನೆ.

2023ರ ಮೇ ತಿಂಗಳಲ್ಲಿ ಶುರುವಾದ ಧಾರಾವಾಹಿ ಇದು. ಹಿಂದಿಯ ‘ಬಡೇ ಅಚ್ಛೇ ಲಗ್ತೇ ಹೈ’ನ ಕನ್ನಡ ರೂಪ. ಶ್ರೀಮಂತ ಬಿಸಿನೆಸ್‌ಮ್ಯಾನ್ ಗೌತಮ್ ದಿವಾನ್, ವಯಸ್ಸು ನಲವತ್ತು ದಾಟಿದೆ. ಭೂಮಿಕಾ ಟೀಚರು, ಮದುವೆ ವಯಸ್ಸು ಮೀರಿತು ಅಂತ ಎಲ್ಲರ ಬಾಯಲ್ಲೂ ಕೇಳಿಸಿಕೊಂಡವಳು. ಅವನ ತಂಗಿ ಮಹಿಮಾ, ಇವಳ ತಮ್ಮ ಜೀವನ್ ಪ್ರೀತಿಸಿದ್ದಕ್ಕೆ ಇವರಿಬ್ಬರೂ ಮದುವೆಯಾಗಬೇಕಾಗುತ್ತದೆ. ಮದುವೆ ಮೊದಲು, ಪ್ರೀತಿ ಆಮೇಲೆ. ಕೇಳಿದರೆ ಹಳೇ ಕಥೆ ಅನಿಸುತ್ತೆ, ಅಲ್ವಾ? ನನಗೂ ಮೊದಲ ವಾರ ಹಾಗೇ ಅನಿಸಿತ್ತು. ಆದರೆ ಗೌತಮ್ ಪಾತ್ರದ ರಾಜೇಶ್ ನಟರಂಗ ಅದನ್ನು ಹಳೇದಾಗಲು ಬಿಡಲಿಲ್ಲ.

ಅವರು ರಂಗಭೂಮಿಯಿಂದ ಬಂದವರು. ಅದಕ್ಕೇ ಅವರಿಗೆ ಸುಮ್ನೆ ನಿಲ್ಲೋಕೆ ಬರುತ್ತೆ. ಸೀರಿಯಲ್‌ನಲ್ಲಿ ಇದು ಕಷ್ಟದ ಕೆಲಸ. ಒಂದು ಡೈಲಾಗ್ ಮುಗಿದರೆ ಸಾಕು, ಕ್ಯಾಮೆರಾ ಮನೆಯಲ್ಲಿರುವ ಎಲ್ಲರ ಮುಖದ ಮೇಲೂ ಓಡಾಡಿ ಬರುತ್ತದೆ. ಹಿಂದೆ ಢಂ ಢಂ ಅಂತ ಮ್ಯೂಸಿಕ್. ಪ್ರತಿಯೊಬ್ಬರೂ ಕಣ್ಣರಳಿಸಲೇಬೇಕು. ಆ ಸರದಿಯಲ್ಲಿ ಗೌತಮ್ ಬಂದಾಗ ಗಮನಿಸಿ. ಕಣ್ಣರಳಿಸುವುದಿಲ್ಲ. ಏನೋ ಹೇಳಲು ಬಾಯಿ ತೆರೆದು ಮುಚ್ಚುತ್ತಾರೆ, ನೋಟ ಕೆಳಗೆ ಹೋಗುತ್ತದೆ. ಕೋಟ್ಯಧಿಪತಿ ಒಬ್ಬ ಹೆಂಡತಿ ಮುಂದೆ ಹೇಗೆ ನಿಲ್ಲಬೇಕು ಅಂತ ಗೊತ್ತಾಗದೆ ಒದ್ದಾಡುತ್ತಿದ್ದಾನೆ ಅನ್ನೋದು ಆ ಮೂರು ಸೆಕೆಂಡಿನಲ್ಲೇ ತಿಳಿಯುತ್ತದೆ. ಈ ‘ಡುಮ್ಮ ಸರ್’ಗೆ ಸಿಕ್ಸ್ ಪ್ಯಾಕ್ ಇಲ್ಲ, ಸ್ಲೋ ಮೋಷನ್ ಫೈಟ್ ಬೇಕಿಲ್ಲ. ಇಷ್ಟಾದರೂ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅಜ್ಜಿಯರಿಂದ ಹಿಡಿದು ಪಿಯುಸಿ ಹುಡುಗಿಯರವರೆಗೆ ಅಭಿಮಾನಿಗಳಿದ್ದಾರೆ.

ಭೂಮಿಕಾ ಪಾತ್ರದ ಛಾಯಾ ಸಿಂಗ್ ಅಂದರೆ ನಮ್ಮ ವಯಸ್ಸಿನವರಿಗೆ ಇವತ್ತಿಗೂ 2003ರ ತಮಿಳು ಚಿತ್ರ ‘ತಿರುಡಾ ತಿರುಡಿ’ಯ ಕುಣಿತವೇ ನೆನಪಾಗುವುದು. ಆ ಚುರುಕನ್ನೆಲ್ಲ ಇಲ್ಲಿ ಹುಬ್ಬಿಗೆ ತಂದಿಟ್ಟಿದ್ದಾರೆ. ಭೂಮಿಕಾಗೆ ಕೋಪ ಬಂದರೆ ದನಿ ಏರುವುದಿಲ್ಲ, ಹುಬ್ಬು ಏರುತ್ತದೆ. ಮಾತು ನಿಧಾನವಾಗುತ್ತದೆ. ಒಳ್ಳೆ ಟೀಚರುಗಳು ಹಾಗೇ ಅಲ್ವಾ ಗದರುವುದು? ಮಕ್ಕಳ ವಿಷಯ ಬಂದಾಗ ಮಾತ್ರ ಅವರ ಅಳು ಸ್ವಲ್ಪ ಜಾಸ್ತಿಯಾಯಿತು ಅಂತ ನನ್ನ ತಕರಾರು. ಅದು ಅವರ ತಪ್ಪಲ್ಲ, ವಾರವಿಡೀ ಅಳಿಸಿದರೆ ಯಾರಾದರೂ ಏನು ಮಾಡಿಯಾರು?

ಗೌತಮ್‌ನ ಮಲತಾಯಿ ಶಕುಂತಲಾ ಪಾತ್ರದಲ್ಲಿ ವನಿತಾ ವಾಸು. ನಮ್ಮ ಅತ್ತೆ ಅವರನ್ನು ಬಾಯಿತುಂಬಾ ಬೈಯುತ್ತಾರೆ, ಕಣ್ಣು ಮಾತ್ರ ಸೀರೆ ಮೇಲೇ ಇರುತ್ತದೆ. ‘ಹಾಳಾದವಳು, ಬಾರ್ಡರ್ ಚೆನ್ನಾಗಿದೆ’ ಅನ್ನೋದು ನಮ್ಮನೆ ಹಾಲ್‌ನಲ್ಲಿ ಮಾಮೂಲಿ ಮಾತು. ಭೂಮಿಕಾಳ ಅಪ್ಪನಾಗಿ ಸಿಹಿ ಕಹಿ ಚಂದ್ರು ಇದ್ದಾರೆ. ಅವರಿದ್ದರೆ ಮಧ್ಯಮ ವರ್ಗದ ಮನೆಗೆ ಬೇರೆ ಸೆಟ್ಟೇ ಬೇಡ.

ಒಬ್ಬರ ಬಗ್ಗೆ ಇನ್ನಷ್ಟು ಹೇಳಲೇಬೇಕು, ಚಿತ್ಕಳಾ ಬಿರಾದಾರ. ‘ಕನ್ನಡತಿ’ಯ ಅಮ್ಮಮ್ಮನಾಗಿ ಮಾತಿನಲ್ಲೇ ಮನೆ ಆಳಿದವರು. ಇಲ್ಲಿ ಗೌತಮ್‌ನ ಹೆತ್ತ ತಾಯಿ ಭಾಗ್ಯಮ್ಮ. ಬಂದ ಹೊಸದರಲ್ಲಿ ಆ ಪಾತ್ರಕ್ಕೆ ಮಾತೇ ಇರಲಿಲ್ಲ. ಸುತ್ತಲಿನವರೆಲ್ಲ ಉದ್ದುದ್ದ ಡೈಲಾಗ್ ಹೊಡೆಯುತ್ತಿರುವಾಗ ಕಣ್ಣಿನಲ್ಲೇ ಮಗನನ್ನು ಹಿಂಬಾಲಿಸುತ್ತಿದ್ದರು. ನಾನು ಆ ಸಂಚಿಕೆಗಳನ್ನು ಸೌಂಡ್ ಕಡಿಮೆ ಮಾಡಿ ನೋಡಿದ್ದೂ ಇದೆ. ಏನೂ ಕಳೆದುಕೊಂಡ ಹಾಗೆ ಅನಿಸಲಿಲ್ಲ.

ಶಕುಂತಲಾಳ ಮಗ ಜೈದೇವ್‌ನ ಹೆಂಡತಿ ಮಲ್ಲಿಯ ಪಾತ್ರಧಾರಿ ಬದಲಾದಾಗ ಬೇಸರವಾಗಿತ್ತು. ರಾಧಾ ಭಗವತಿ ಬಿಟ್ಟು ಅನ್ವಿತಾ ಸಾಗರ್ ಬಂದರು. 2022ರಲ್ಲಿ ‘ಜೊತೆ ಜೊತೆಯಲಿ’ ಧಾರಾವಾಹಿಯಿಂದ ನಾಯಕ ಅನಿರುದ್ಧ್ ಹೋದಾಗ ಆದಷ್ಟು ಗಲಾಟೆ ಇದಕ್ಕೆ ಆಗಲಿಲ್ಲ, ಆದರೂ ಒಂದಷ್ಟು ದಿನ ಕಣ್ಣು ಹಳೇ ಮಲ್ಲಿಯನ್ನೇ ಹುಡುಕುತ್ತಿತ್ತು. ಈಗ ಒಗ್ಗಿದೆ.

ಇನ್ನು ನಾನು ಎರಡೂವರೆ ಸ್ಟಾರ್ ಕಿತ್ತುಕೊಂಡಿದ್ದು ಯಾಕೆ ಅಂದರೆ, ಬರೆಯುವವರಿಗೇ ಈ ಇಬ್ಬರು ನಟರ ಮೇಲೆ ನಂಬಿಕೆ ಸಾಲದು. ನಡುವಯಸ್ಸಿನ ಇಬ್ಬರು ಒಬ್ಬರಿಗೊಬ್ಬರು ಒಗ್ಗಿಕೊಳ್ಳುವುದನ್ನು ಜನ ಕೂತು ನೋಡುತ್ತಾರೆ ಅಂತ ಇದೇ ಧಾರಾವಾಹಿ ತೋರಿಸಿಕೊಟ್ಟಿತು. ಇದೇ ಚಾನೆಲ್‌ನಲ್ಲಿ ಉಮಾಶ್ರೀ ‘ಪುಟ್ಟಕ್ಕನ ಮಕ್ಕಳು’ ಹೊತ್ತುಕೊಂಡರು, ಸುಧಾರಾಣಿ ‘ಶ್ರೀರಸ್ತು ಶುಭಮಸ್ತು’ವಿನಲ್ಲಿ ಬೆಳೆದ ಮಗನಿರುವ ತಾಯಿಯಾಗಿ ಎರಡನೇ ಮದುವೆಯಾದರು. ಜನ ಬೇಡ ಅನ್ನಲಿಲ್ಲ. ಆದರೆ ಗುರುವಾರ ಬರುವ ಟಿಆರ್‌ಪಿಯ ಭಯವೋ ಏನೋ, ಇಲ್ಲಿ ಜೈದೇವ್‌ಗೆ ಪ್ರತಿ ವಾರ ಹೊಸ ಸಂಚು ಬೇಕೇ ಬೇಕು. ಅಷ್ಟು ದೊಡ್ಡ ಕಂಪನಿ ನಡೆಸುವ ಗೌತಮ್‌ಗೆ ಮನೆಯೊಳಗಿನ ವಿಲನ್ ಮಾತ್ರ ವರ್ಷಗಟ್ಟಲೆ ಕಾಣುವುದಿಲ್ಲ. ಭೂಮಿಕಾಗೆ ಗೊತ್ತಾದರೂ ಅವಳು ಗಂಡನಿಗೆ ಹೇಳುವುದಿಲ್ಲ. ‘ಹೇಳಮ್ಮ, ಹೇಳು’ ಅಂತ ನಾವೇ ಟಿವಿಗೆ ಕೂಗಬೇಕು.

ಕಥೆ ಐದು ವರ್ಷ ಮುಂದಕ್ಕೆ ಹಾರಿದ ಮೇಲೆ ಸ್ವಲ್ಪ ಜೀವ ಬಂತು. ಆಸ್ತಿ ಬಿಟ್ಟ ಗೌತಮ್ ಕಾರು ಓಡಿಸಲು ಇಳಿದಾಗ ರಾಜೇಶ್ ಅವರ ನಡಿಗೆಯೇ ಬದಲಾಯಿತು. ಸೂಟು ಹೋಗಿದ್ದಷ್ಟೇ ಅಲ್ಲ, ಭುಜ ಇಳಿಯಿತು. ಬೆಂಗಳೂರಿನಲ್ಲಿ ಹಗಲೆಲ್ಲ ಸ್ಟೀರಿಂಗ್ ಹಿಡಿದವರ ಸುಸ್ತು ನಮಗೆ ಗೊತ್ತಲ್ಲ, ಅದನ್ನು ನೋಡಿ ಕಲಿತಂತಿತ್ತು.

ನೋಡುವ ವಿಧಾನದ ಬಗ್ಗೆ ಒಂದು ಮಾತು. ಸಂಜೆ ಟಿವಿ ಮುಂದೆ ಕೂರಲು ಆಗದವರು ಜೀ5 ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಾಹೀರಾತು ತೆಗೆದರೆ ಒಂದು ಸಂಚಿಕೆ ಇಪ್ಪತ್ತು ನಿಮಿಷದ ಆಸುಪಾಸು. ಮೆಟ್ರೊದ ನೇರಳೆ ಮಾರ್ಗದಲ್ಲಿ ವಿಜಯನಗರದಲ್ಲಿ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುವಷ್ಟರಲ್ಲಿ ಮೂರು ಸಂಚಿಕೆ ಸಲೀಸಾಗಿ ಮುಗಿಯುತ್ತವೆ. ಪಕ್ಕದಲ್ಲಿ ನಿಂತ ಯಾರಾದರೂ ಬಗ್ಗಿ ‘ಇದು ಇವತ್ತಿನದಾ?’ ಅಂತ ಕೇಳುವುದಂತೂ ಖಂಡಿತ. ಮೆಜೆಸ್ಟಿಕ್‌ನಲ್ಲಿ ಒಬ್ಬರು ಇಳಿಯದೇ ಮುಂದಕ್ಕೆ ಬಂದದ್ದನ್ನೂ ನೋಡಿದ್ದೇನೆ.

ಹೊಸದಾಗಿ ಶುರು ಮಾಡುವವರು ಮದುವೆಯ ಹಿಂದಿನ ಮುಂದಿನ ಸಂಚಿಕೆಗಳನ್ನು ಒಂದೂ ಬಿಡಬೇಡಿ. ನಡುವೆ ಜೈದೇವ್ ಫೋನ್ ಹಿಡಿದು ನಕ್ಕ ಕಡೆಯೆಲ್ಲ ಧೈರ್ಯವಾಗಿ ಮುಂದಕ್ಕೆ ಓಡಿಸಿ. ಪ್ರೋಮೊ ಮಾತ್ರ ನಂಬಬೇಡಿ. ಅದರಲ್ಲಿ ಭಾನುವಾರ ಬಯಲಾದ ಗುಟ್ಟು ಶುಕ್ರವಾರದ ಸಂಚಿಕೆ ಮುಗಿದರೂ ಬಯಲಾಗಿರುವುದಿಲ್ಲ.