ಫ್ರೀಜರಿನ ಗುಟ್ಟು ರಟ್ಟು ಮಾಡಿದ ಪುಟ್ಟ ಮೀಟರು

ವಿಶ್ವವಿದ್ಯಾಲಯದ ಜೀವಶಾಸ್ತ್ರ ಪ್ರಯೋಗಾಲಯವೊಂದರ ಉಸ್ತುವಾರಿ ನನ್ನದು. ಕ್ಯಾಂಪಸ್ಸಿನ ಇಂಗಾಲದ ಹೆಜ್ಜೆಗುರುತನ್ನು, ಅಂದರೆ ನಮ್ಮ ಬಳಕೆಯಿಂದ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳ ಪ್ರಮಾಣವನ್ನು, ತಗ್ಗಿಸಲು ಸಮಿತಿಯಾಯಿತು. ಸಮಿತಿಯಿಂದ ಮೊದಲು ಬಂದದ್ದು ‘ದೀಪ ಆರಿಸಿ’ ಎಂಬ ಚೀಟಿಗಳ ಕಟ್ಟು. ಸ್ವಿಚ್ಚಿಗೊಂದರಂತೆ ಅಂಟಿಸಿ ಸಾಕಾಗಿ, ಪ್ಲಗ್ಗಿನಲ್ಲಿ ಸಿಕ್ಕಿಸುವ ವಿದ್ಯುತ್ ಮೀಟರೊಂದನ್ನು ತರಿಸಿದೆ. ಗೋಡೆಯ ಸಾಕೆಟ್ಟಿಗೆ ಇದು, ಇದಕ್ಕೆ ಉಪಕರಣ, ಅಷ್ಟೇ. ಆ ಕ್ಷಣದ ವ್ಯಾಟ್, ಒಟ್ಟು ಯೂನಿಟ್, ಕಳೆದ ಗಂಟೆಗಳನ್ನು ತೋರಿಸುತ್ತದೆ.

ಮೈನಸ್ 80 ಡಿಗ್ರಿಯ ಫ್ರೀಜರಿಗೆ ಜೋಡಿಸಿ ಒಂದು ದಿನ ಬಿಟ್ಟೆ. 19 ಯೂನಿಟ್! ಕೋಣೆಯಲ್ಲಿರುವ 18 ವ್ಯಾಟಿನ 12 ಎಲ್‌ಇಡಿ ದೀಪಗಳು ಒಂಬತ್ತು ಗಂಟೆ ಉರಿದರೂ ಎರಡು ಯೂನಿಟ್ ಆಗುವುದಿಲ್ಲ. ಬಾಗಿಲು ತೆರೆದು ನೋಡಿದರೆ ಬೆರಳು ದಪ್ಪದ ಹಿಮ, ಅಂಚಿನ ರಬ್ಬರು ಸರಿಯಾಗಿ ಕೂರುತ್ತಿರಲಿಲ್ಲ. ಪಿಎಚ್‌ಡಿ ಮುಗಿಸಿ ಹೋದವರ ಟ್ಯೂಬುಗಳು ರಾಶಿ ಬಿದ್ದಿದ್ದವು, ಮೇಲಿನ ಶಾಯಿ ಅಳಿಸಿ ಯಾರದೆಂದೂ ತಿಳಿಯದು. ಬೇಕಾದವನ್ನು ಪಕ್ಕದ ಫ್ರೀಜರಿಗೆ ಸಾಗಿಸಿ, ಹಿಮ ಕರಗಿಸಿ, ಶಾಖ ಹೊರಹಾಕುವ ಕಂಡೆನ್ಸರಿನ ಧೂಳು ಹೊಡೆದು, ಉಷ್ಣತೆಯನ್ನು ಮೈನಸ್ 70ಕ್ಕೆ ಏರಿಸಿದೆವು. ಪ್ರಾಧ್ಯಾಪಕರು ಮುಖ ಗಂಟಿಕ್ಕಿದರು; ಡಿಎನ್‌ಎ ಮಾದರಿಗಳಿಗೆ ಅಷ್ಟು ಚಳಿ ಧಾರಾಳವಾಯಿತೆಂದು ಒಪ್ಪಿಸುವುದೇ ಹಿಮ ಕೆರೆಯುವುದಕ್ಕಿಂತ ಕಷ್ಟವಾಯಿತು. ಈಗ ದಿನಕ್ಕೆ 13 ಯೂನಿಟ್.

ಮೀಟರಿಗೆ ಕುಂದುಗಳೂ ಇವೆ. ಪರದೆಗೆ ಬೆಳಕಿಲ್ಲ. ಫ್ರೀಜರಿನ ಹಿಂದಿನ ಸಾಕೆಟ್ಟಿನಲ್ಲಿ ಓದಬೇಕಾದರೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಟಾರ್ಚು ಬಿಡಬೇಕು. ಒಳಗಿನ ಬಟನ್ ಬ್ಯಾಟರಿ ಸತ್ತಿದ್ದಾಗ ಕರೆಂಟು ಹೋಗಿ ಒಂದು ವಾರದ ಲೆಕ್ಕ ಸೊನ್ನೆಯಾಯಿತು. ಮೂರು ಫೇಸಿನ ಎಸಿ ಯಂತ್ರಗಳಿಗೆ ಇದು ಆಗಿಬರುವುದಿಲ್ಲ.

ನನಗೆ ಸಿಟ್ಟು ಬಂದದ್ದು ‘ಇಂಗಾಲ’ ಎಂಬ ಗುಂಡಿಯ ಮೇಲೆ. ಯೂನಿಟ್ಟಿಗೆ ಅರ್ಧ ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ತಯಾರಕರೇ ತೀರ್ಮಾನಿಸಿಬಿಟ್ಟಿದ್ದಾರೆ, ಬದಲಿಸಲು ದಾರಿಯಿಲ್ಲ. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್. ಜಲವಿದ್ಯುತ್ತಾದರೆ ಸಾಮಾನ್ಯವಾಗಿ ಕೆಲವು ಹತ್ತು ಗ್ರಾಂ. ಒಂದೇ ಅಂಕಿಯಲ್ಲಿ ಎಲ್ಲರನ್ನೂ ತೂಗುವುದು ಯಾವ ನ್ಯಾಯ? ಯೂನಿಟ್ ಬರೆದುಕೊಳ್ಳಿ, ನಿಮ್ಮ ಗ್ರಿಡ್ಡಿನ ಅಂಕಿಯಿಂದ ನೀವೇ ಗುಣಿಸಿ.

ಇಷ್ಟಾದರೂ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮುಚ್ಚಳವಿಲ್ಲದೆ ರಾತ್ರಿಯಿಡೀ ಬಿಸಿಯಾಗುತ್ತಲೇ ಇದ್ದ ಪ್ರಯೋಗಾಲಯದ ನೀರಿನ ತೊಟ್ಟಿಯನ್ನು ಹಿಡಿದುಕೊಟ್ಟದ್ದೂ ಇದೇ. ಸದ್ಯ ಮೀಟರು ರಸಾಯನಶಾಸ್ತ್ರದವರ ಓವನ್ನಿಗೆ ಅಂಟಿಕೊಂಡಿದೆ. ಎರಡು ದಿನಕ್ಕೆಂದು ಒಯ್ದವರು ತಿಂಗಳಾದರೂ ಮರಳಿಸಿಲ್ಲ, ಇನ್ನೊಂದನ್ನು ತರಿಸಬೇಕು.