ಚಕ್ರಮೊಗ್ಗಿನ ಕಷಾಯ ಪುಡಿ: ರುಚಿಗೆ ಒಪ್ಪಿಗೆ, ಚೀಟಿಗೆ ತಕರಾರು

ಚಿಕ್ಕಮಗಳೂರು ಪೇಟೆಯ ಗ್ರಂಧಿಗೆ ಅಂಗಡಿಯೊಂದರಲ್ಲಿ ಮಳೆ ಹಿಡಿಯುತ್ತಿದ್ದಂತೆ ಮಾರಾಟಕ್ಕಿಡುವ ಕಷಾಯ ಪುಡಿಯನ್ನು ಈ ಸಲ ತಂದು ಬಳಸಿದೆ. ನೂರು ಗ್ರಾಂ ಪೊಟ್ಟಣಕ್ಕೆ 140 ರೂಪಾಯಿ. ಒಣಶುಂಠಿ, ಕಾಳುಮೆಣಸು, ತುಳಸಿ, ಜ್ಯೇಷ್ಠಮಧು ಮತ್ತು ಚಕ್ರಮೊಗ್ಗು ಅದರಲ್ಲಿವೆ. ಬೆಲ್ಲ ಹಾಕದೆ ಕುದಿಸಿದರೂ ಮೊದಲ ಗುಟುಕಿಗೆ ಜ್ಯೇಷ್ಠಮಧುವಿನ ಸಿಹಿ ನಾಲಿಗೆಗೆ ಹತ್ತುತ್ತದೆ, ಮೆಣಸಿನ ಖಾರ ತುಸು ತಡೆದು ಗಂಟಲಿಗಿಳಿಯುತ್ತದೆ. ಹಳೆಯ ದಾಸ್ತಾನಿನ ಮುಗ್ಗುವಾಸನೆ ಎಳ್ಳಷ್ಟೂ ಇಲ್ಲ.

ನನ್ನ ತಕರಾರು ಪೊಟ್ಟಣಕ್ಕೆ ಅಂಟಿಸಿರುವ ಚೀಟಿಯ ಮೇಲೆ. ಫ್ಲೂ ಜ್ವರಕ್ಕೆ (ಇನ್‌ಫ್ಲುಯೆಂಜಾ) ಕೊಡುವ ಟ್ಯಾಮಿಫ್ಲೂ ಮಾತ್ರೆಯ ಮೂಲವಸ್ತು ಈ ಪುಡಿಯಲ್ಲಿದೆ, ಆದ್ದರಿಂದ ಇದು ಇನ್‌ಫ್ಲುಯೆಂಜಾ ವೈರಸ್ಸನ್ನು ನಾಶಮಾಡುತ್ತದೆ ಎಂದು ಅದರಲ್ಲಿ ಅಚ್ಚು ಹಾಕಿಸಿದ್ದಾರೆ. ಮೊದಲರ್ಧ ಸುಳ್ಳಲ್ಲ. ಚಕ್ರಮೊಗ್ಗಿನಲ್ಲಿ ಸಿಗುವ ಶಿಕಿಮಿಕ್ ಆಮ್ಲದಿಂದಲೇ ಒಸೆಲ್ಟಾಮಿವಿರ್, ಅಂದರೆ ಟ್ಯಾಮಿಫ್ಲೂ, ತಯಾರಿಕೆ ಆರಂಭವಾಗುತ್ತದೆ; ಅಮೆರಿಕದಲ್ಲಿ 1999ರಲ್ಲಿ ಅನುಮತಿ ಪಡೆದ ಈ ಔಷಧಿಗೆ 2005ರ ಹಕ್ಕಿಜ್ವರದ ಭೀತಿಯಲ್ಲಿ ಬೇಡಿಕೆ ಏರಿದಾಗ ದಕ್ಷಿಣ ಚೀನಾದ ಚಕ್ರಮೊಗ್ಗಿಗೂ ಅಭಾವ ತಲೆದೋರಿತ್ತು. ಆದರೆ ಶಿಕಿಮಿಕ್ ಆಮ್ಲ ತಾನೇ ತಾನಾಗಿ ವೈರಸ್ಸನ್ನು ತಡೆಯುವ ಔಷಧಿಯಲ್ಲ. ಕಾರ್ಖಾನೆಯಲ್ಲಿ ಹಲವು ಹಂತಗಳ ರಾಸಾಯನಿಕ ಕ್ರಿಯೆಗೆ ಒಳಗಾಗಿ ಅದರ ರಚನೆಯೇ ಬದಲಾಗಬೇಕು. ಹಾಗೆ ತಯಾರಾದ ಔಷಧಿ ಯಕೃತ್ತಿನಲ್ಲಿ ಸಕ್ರಿಯ ರೂಪ ಪಡೆದು, ವೈರಸ್ಸಿನ ಮೇಲ್ಮೈಯಲ್ಲಿರುವ ನ್ಯೂರಮಿನಿಡೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿ, ಹೊಸದಾಗಿ ಹುಟ್ಟಿದ ವೈರಸ್‌ಗಳು ಸೋಂಕು ತಗುಲಿದ ಜೀವಕೋಶದಿಂದ ಬಿಡಿಸಿಕೊಂಡು ಹರಡದಂತೆ ಮಾಡುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. (ಈಗಂತೂ ಆ ಆಮ್ಲವನ್ನು ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದಲೂ ಪಡೆಯುತ್ತಾರೆ.)

ಜ್ಯೇಷ್ಠಮಧುವಿನ ಗ್ಲೈಸಿರೈಜಿನ್, ಹಸಿರು ಚಹಾದ ಕ್ಯಾಟೆಚಿನ್ ಮೊದಲಾದ ಸಸ್ಯಜನ್ಯ ಸಂಯುಕ್ತಗಳು ಪ್ರಯೋಗಾಲಯದ ಜೀವಕೋಶಗಳಲ್ಲಿ ಈ ವೈರಸ್ಸಿನ ವೃದ್ಧಿಯನ್ನು ತಗ್ಗಿಸಿರುವುದುಂಟು. ಅಷ್ಟರಿಂದಲೇ ಒಂದು ಲೋಟ ಕಷಾಯ ರೋಗಿಯ ಮೈಯಲ್ಲಿ ಅದೇ ಕೆಲಸ ಮಾಡುತ್ತದೆ ಎನ್ನಲಾಗದು.

ಅಂಗಡಿಯವರನ್ನು ವಿಚಾರಿಸಿದಾಗ, ಚೀಟಿ ಸರಬರಾಜುದಾರರ ಕಡೆಯಿಂದ ಬಂದದ್ದು ಎಂದು ಸೌಜನ್ಯದಿಂದಲೇ ಹೇಳಿದರು. ಸೌಜನ್ಯ ಸರಿ, ಆದರೆ ಇನ್‌ಫ್ಲುಯೆಂಜಾ ಔಷಧಿಯನ್ನು ಲಕ್ಷಣ ಕಂಡ 48 ಗಂಟೆಗಳೊಳಗೆ ಶುರುಮಾಡಿದರೆ ಫಲ ಹೆಚ್ಚು. ಈ ಚೀಟಿ ನಂಬಿ ವಯಸ್ಸಾದವರೋ ಬಸುರಿಯರೋ ಆ ಎರಡು ದಿನವನ್ನು ಕಷಾಯದಲ್ಲೇ ಕಳೆದರೆ ಹೊಣೆ ಯಾರದು? ಜ್ಯೇಷ್ಠಮಧುವಿನ ಪ್ರಮಾಣವನ್ನೂ ಎಲ್ಲೂ ನಮೂದಿಸಿಲ್ಲ. ಅದನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರಿ ಪೊಟ್ಯಾಸಿಯಂ ಇಳಿಯುತ್ತದೆಯಾದ್ದರಿಂದ, ಬಿ.ಪಿ. ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಇದನ್ನು ಕುಡಿಯಬಾರದು. ಉಳಿದವರು ಗಂಟಲು ಕೆರೆತಕ್ಕೆ, ಸಂಜೆಯ ಚಳಿಗೆ ಧಾರಾಳವಾಗಿ ಕೊಳ್ಳಬಹುದು.